ವೀಗನ್ ಸೊಸೆಗೆ, ಅವಳ ಗೆಳತಿಯರಿಗೆ ಮನೆಯಲ್ಲೇ ಮಾಡಿದ ಉಡುಗೊರೆ ಕೊಡಬೇಕು, ಏನು ಮಾಡಲಿ?

ಹಂಡೆಒಲೆ (ತೀರ್ಥಹಳ್ಳಿ ಹತ್ತಿರದ ಹಳ್ಳಿ)
ನವೆಂಬರ್ 27

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಯ್ಲು ಶುರುವಾಗಿದೆ. ಅಂಗಳದ ತುಂಬ ಗೊನೆ, ಜಗಲಿಯ ತುಂಬ ಸುಲಿಯುವವರು, ಹಂಡೆ ಒಲೆಯಿಂದ ಇಳಿಯುವುದೇ ಇಲ್ಲ. ಇಂಥ ಹೊತ್ತಿನಲ್ಲಿ ಉಡುಗೊರೆಯ ಯೋಚನೆ ಯಾರಿಗೆ ಬರುತ್ತದೆ ಎಂದು ನಮ್ಮ ಮನೆಯವರು ಗೊಣಗುತ್ತಿದ್ದಾರೆ. ಆದರೆ ನನ್ನ ಮರ್ಯಾದೆಯ ಪ್ರಶ್ನೆ.

ಮಗ, ಸೊಸೆ ಬೆಂಗಳೂರಿನಲ್ಲಿದ್ದಾರೆ. ಸೊಸೆ ಎರಡು ವರ್ಷದಿಂದ ವೀಗನ್, ಅಂದರೆ ಪ್ರಾಣಿಯಿಂದ ಬಂದದ್ದೇನನ್ನೂ ತಿನ್ನುವವಳಲ್ಲ, ಬಳಸುವವಳಲ್ಲ. ನಾನು ಮೊದಲು ಅದನ್ನು ‘ಹಾಲು ಬಿಟ್ಟಿದ್ದಾಳೆ’ ಎಂದಷ್ಟೇ ಅರ್ಥ ಮಾಡಿಕೊಂಡಿದ್ದೆ. ನವೆಂಬರ್ 1 ನಮಗೆಲ್ಲ ರಾಜ್ಯೋತ್ಸವವಾದರೆ ಅವರಿಗೆ ವಿಶ್ವ ವೀಗನ್ ದಿನವೂ ಹೌದಂತೆ, ಅದೂ ಈಚೆಗೆ ತಿಳಿಯಿತು. ಊಟದ ವಿಷಯದಲ್ಲಿ ನನಗೇನೂ ಕಷ್ಟವಾಗಲಿಲ್ಲ. ಕಾಫಿಗೆ ತೆಂಗಿನಹಾಲು ಹಿಂಡಿದೆ, ಒಗ್ಗರಣೆಗೆ ಕೊಬ್ಬರಿ ಎಣ್ಣೆ ಇದ್ದೇ ಇದೆ, ತಂಬುಳಿಗೆ ಮಜ್ಜಿಗೆ ಬದಲು ಪುನರ್ಪುಳಿ ಹಾಕಿದೆ. ಎಡವಿದ್ದು ಉಡುಗೊರೆಯಲ್ಲಿ.

ದೀಪಾವಳಿಗೆ ಬಂದವಳಿಗೆ ಒಂದು ಬುಟ್ಟಿ ಕಟ್ಟಿಟ್ಟಿದ್ದೆ. ಅದರಲ್ಲಿ ರೇಷ್ಮೆ ರವಿಕೆ ಕಣ, ನಮ್ಮದೇ ಪೆಟ್ಟಿಗೆಯ ತುಡುವೆ ಜೇನು ಒಂದು ಬಾಟಲಿ, ಜೇನುಮೇಣ ಕರಗಿಸಿ ನಾನೇ ಮಾಡಿದ ತುಟಿಯ ಮುಲಾಮು, ಒಂದು ಚನ್ನಪಟ್ಟಣದ ಗೊಂಬೆ. ಹುಡುಗಿ ನಗುತ್ತಲೇ ತೆಗೆದುಕೊಂಡಳು. ಹೊರಡುವ ದಿನ ಬೆಳಿಗ್ಗೆ ಬುಟ್ಟಿಯನ್ನು ಅಡುಗೆಮನೆಗೆ ತಂದು, “ಅತ್ತೆ, ಬೇಸರ ಮಾಡಿಕೊಳ್ಳಬಾರದು, ಇದನ್ನು ನೀವೇ ಇಟ್ಟುಕೊಳ್ಳಿ” ಎಂದಳು. ರೇಷ್ಮೆ ಹುಳುವಿನದು, ಜೇನು ಮತ್ತು ಮೇಣ ಜೇನುಹುಳುವಿನದು, ಸರಿ, ಒಪ್ಪಿದೆ. ಗೊಂಬೆಯಾದರೂ ಇಟ್ಟುಕೋ ಮಾರಾಯ್ತಿ, ಅದು ಮರದ್ದಲ್ಲವೇ ಎಂದೆ. ಮರ ಹೌದು, ಮೇಲಿನ ಹೊಳಪು ಅರಗಿನದು, ಅರಗು ಒಂದು ಸಣ್ಣ ಕೀಟ ಸ್ರವಿಸುವ ಪದಾರ್ಥ ಎಂದಳು. ನಾಲ್ಕಕ್ಕೆ ನಾಲ್ಕೂ ವಾಪಸು! ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಈಗ ಕ್ರಿಸ್‌ಮಸ್ ಮುಗಿಸಿಕೊಂಡು 26ರ ಸಂಜೆ ಬರುತ್ತಾರೆ, ಹೊಸ ವರ್ಷದ ಮೊದಲ ದಿನ ಹೊರಡುತ್ತಾರೆ. ಜೊತೆಗೆ ಅವಳ ಕಚೇರಿಯ ಇಬ್ಬರು ಗೆಳತಿಯರು, ಅವರೂ ಇದೇ ಪಂಥದವರು. ಬರಲಾಗದ ಇನ್ನಿಬ್ಬರಿಗೂ ಕಳಿಸಬೇಕೆಂದು ನನ್ನ ಆಸೆ. ಒಟ್ಟು ಐದು ಪೊಟ್ಟಣ. ಪೇಟೆಯಿಂದ ತಂದದ್ದು ಬೇಡ, ತರಿಸುವ ಸಾಮಾನೂ ಆದಷ್ಟು ಬೇಡ. ಮನೆಯಲ್ಲಿ ಇರುವುದು: ಬೇಕಾದಷ್ಟು ಅಡಿಕೆ ಹಾಳೆ, ಗೆರಟೆ, ಬೇಲಿಯ ಮೇಲೆ ಒಣಗಿದ ತುಪ್ಪದ ಹೀರೆ, ಒಂದು ಕಟ್ಟು ಲಾವಂಚದ ಬೇರು, ಮಾವನವರ ಕಾಲದ ಒಳ್ಳೆಯ ಹತ್ತಿ ಪಂಚೆಗಳು, ಹೊಲಿಗೆ ಯಂತ್ರ, ರಾತ್ರಿ ಊಟದ ನಂತರದ ಒಂದೂವರೆ ತಾಸು. ಈ ಸಲ ಒಂದೂ ವಾಪಸು ಬರಬಾರದು. ತಿಳಿದವರು ಹೇಳಿ.

---

ತುಂಗಾ_ಸೈಕಲ್ (ಶಿವಮೊಗ್ಗ)
ನವೆಂಬರ್ 27, ರಾತ್ರಿ

ಅಮ್ಮ, ನಾನು ನಾಲ್ಕು ವರ್ಷದಿಂದ ವೀಗನ್. ಮೊದಲಿಗೆ ಒಂದು ಮಾತು: ನಿಮ್ಮ ಸೊಸೆ ಬುಟ್ಟಿ ವಾಪಸು ಕೊಟ್ಟದ್ದು ಸಲಿಗೆಯಿಂದ. ನಾನಂತೂ ದೊಡ್ಡಮ್ಮ ಹೆಣೆದುಕೊಟ್ಟ ಉಣ್ಣೆ ಸ್ವೆಟರನ್ನು ಹೇಳಲಾರದೆ ಮೂರು ಚಳಿಗಾಲ ಬೀರುವಿನಲ್ಲಿ ಬಚ್ಚಿಟ್ಟಿದ್ದೆ. ಕೊನೆಗೆ ಅವರೇ ಬಂದು ಹುಡುಕಿ ತೆಗೆದರು.

ನೀವು ಬರೆದ ಪಟ್ಟಿಯಲ್ಲಿ ತಕರಾರಿನ ವಸ್ತು ಯಾವುದೂ ಇಲ್ಲ. ತಕರಾರು ಬರುವುದು ಮೂಲವಸ್ತುವಿನಲ್ಲಿ ಅಲ್ಲ, ಜೋಡಿಸುವ ಸಾಮಾನಿನಲ್ಲಿ. ಚೀಲ ಹೊಲಿದು ಚಿಪ್ಪಿನ ಗುಂಡಿ ಹಚ್ಚಿದಿರೋ, ಅದು ಸಮುದ್ರದ ಜೀವಿಯದ್ದು. ಗೆರಟೆಯ ಗುಂಡಿ ಹಾಕಿ. ಬಡಗಿಗಳು ಹಿಂದೆ ಕಾಯಿಸಿ ಬಳಸುತ್ತಿದ್ದ ಅಂಟು ಚರ್ಮ, ಮೂಳೆಗಳಿಂದ ಮಾಡಿದ್ದು. ಮೈದಾ ಅಂಟು ಅಥವಾ ಮರದ ಗೋಂದು ಸಾಕು. ಬಣ್ಣ ಹಚ್ಚುವುದಾದರೆ ಕುಂಚದ ಕೂದಲು ಯಾವುದೆಂದು ನೋಡಿ. ಹೊಳಪಿಗೆ ಅರಗಿನ ಪಾಲಿಶ್ ಬೇಡ, ಗೆರಟೆಗೆ ಕೊಬ್ಬರಿ ಎಣ್ಣೆ ಒರೆಸಿದರೇ ಚೆನ್ನಾಗಿ ಕಾಣುತ್ತದೆ.

ಎಲ್ಲರೂ ಮೊದಲು ಮೇಣದ ಬತ್ತಿಯನ್ನೇ ಹೇಳುತ್ತಾರೆ, ನೀವು ಆ ದಾರಿ ಹಿಡಿಯಬೇಡಿ. ಪ್ಯಾರಾಫಿನ್ ಪೆಟ್ರೋಲಿಯಂನಿಂದ ಬಂದದ್ದು, ಅದು ಪರವಾಗಿಲ್ಲ. ಆದರೆ ಗಟ್ಟಿಯಾಗಲೆಂದು ಸೇರಿಸುವ ಸ್ಟಿಯರಿನ್ ಪ್ರಾಣಿಯ ಕೊಬ್ಬಿನದೂ ಇರಬಹುದು, ತಾಳೆ ಎಣ್ಣೆಯದೂ ಇರಬಹುದು. ಪೊಟ್ಟಣದ ಮೇಲೆ ಬರೆದಿರುವುದಿಲ್ಲ.

---

ಕೊಡಚಾದ್ರಿ_ನೆರಳು (ಹೊಸನಗರ ತಾಲ್ಲೂಕು)
ನವೆಂಬರ್ 28

ತಂಗಿ, ಜೇನುಮೇಣ ಹೋದರೆ ಹೋಯಿತು ಬಿಡು. ನಿನ್ನ ಅತ್ತೆಯವರು ಹಿಮ್ಮಡಿ ಒಡೆದಾಗ ಏನು ಹಚ್ಚುತ್ತಿದ್ದರು, ನೆನಪು ಮಾಡಿಕೋ. ಮುರುಗಲು ತುಪ್ಪ ಅಲ್ಲವೇ? ಹೆಸರಿಗೆ ತುಪ್ಪ, ಹಸುವಿಗೂ ಅದಕ್ಕೂ ಯಾವ ಲೇವಾದೇವಿಯೂ ಇಲ್ಲ. ನೀವು ತಂಬುಳಿಗೆ ಹಾಕಿದ ಪುನರ್ಪುಳಿಯ ಬೀಜದ ಕೊಬ್ಬು ಅದು.

ಈಗಿನವರಿಗೆ ಮಾಡುವ ಕ್ರಮ ಮರೆತಿದೆ, ಬರೆಯುತ್ತೇನೆ. ಬೇಸಿಗೆಯ ಕೊನೆಗೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿಕೊಂಡ ಮೇಲೆ ಬೀಜವನ್ನು ಬೂದಿ ಹಾಕಿ ತಿಕ್ಕಿ ತೊಳೆಯಬೇಕು, ಇಲ್ಲವಾದರೆ ಲೋಳೆ ಬಿಡುವುದಿಲ್ಲ. ಅಲ್ಲಾಡಿಸಿದರೆ ಒಳಗೆ ತಿರುಳು ಗಡಗಡ ಎನ್ನುವಷ್ಟು ಒಣಗಿಸಬೇಕು. ಆಮೇಲೆ ಕುಟ್ಟಿ, ಸಿಪ್ಪೆ ಕೇರಿ, ತಿರುಳನ್ನು ನುಣ್ಣಗೆ ಬೀಸಿ ನೀರಿಗೆ ಹಾಕಿ ಕುದಿಸಬೇಕು. ಇಲ್ಲಿ ಅವಸರ ಪಟ್ಟವರು ಕೆಟ್ಟರು. ಸಣ್ಣ ಉರಿಯಲ್ಲಿ ಎರಡು ಮೂರು ತಾಸು ಕುದ್ದ ಮೇಲೆ ಮೇಲೆ ಎಣ್ಣೆಯ ಕಣ್ಣುಗಳು ತೇಲಲು ಶುರುವಾಗುತ್ತವೆ, ಆಮೇಲೆ ಕಣ್ಣು ಕಣ್ಣು ಸೇರಿ ಒಂದು ಪದರವಾಗುತ್ತದೆ. ಅದನ್ನು ಸೌಟಿನಲ್ಲಿ ಮೆಲ್ಲಗೆ ಎತ್ತಿ, ಬೇರೆ ಪಾತ್ರೆಯಲ್ಲಿ ನೀರಿನ ಪಸೆ ಆರುವವರೆಗೆ ಕಾಯಿಸಿ, ಬಟ್ಟೆಯಲ್ಲಿ ಸೋಸಿ ಗೆರಟೆಗೆ ಹೊಯ್ಯಬೇಕು. ಬೆಳಿಗ್ಗೆ ನೋಡಿದರೆ ಬಿಳಿಯ ಕಲ್ಲಿನ ಹಾಗೆ ಕೂತಿರುತ್ತದೆ. ನನ್ನ ಅಜ್ಜಿ ಅದನ್ನು ಉಂಡೆ ಮಾಡಿ ಒಲೆಯ ಮೇಲಿನ ಅಟ್ಟದಲ್ಲಿ ಬಾಳೆಲೆ ಸುತ್ತಿ ಇಡುತ್ತಿದ್ದಳು.

ಈಗ ಹಣ್ಣಿನ ಕಾಲವಲ್ಲ. ಬೀಜ ಇಟ್ಟಿದ್ದೀಯಾದರೆ ಸರಿ, ಇಲ್ಲವಾದರೆ ಹಳೆಯ ಮನೆಗಳ ಅಟ್ಟ ಹುಡುಕಿಸು. ಉಪ್ಪಾಗೆ ಹಣ್ಣಿನ ಬೀಜದ ತುಪ್ಪವೂ ಇದೆ, ಆದರೆ ಅದನ್ನು ನಾವು ದೋಸೆಗೆ ಹಾಕಿಕೊಂಡು ತಿಂದವರು, ಕಾಲಿಗೆ ಹಚ್ಚಲು ನನಗೆ ಮನಸ್ಸು ಬರುವುದಿಲ್ಲ.

---

ಗೊನೆಗಾರ (ಕೊಪ್ಪ)
ನವೆಂಬರ್ 28

ಕೊಟ್ಟಿಗೆ ತುಂಬ ದನ ಇಟ್ಟುಕೊಂಡು ಇದೆಲ್ಲ ಏತಕ್ಕೆ? ಕೊಟ್ಟದ್ದನ್ನು ತೆಗೆದುಕೊಳ್ಳುವುದು ಸೊಸೆಯ ಕೆಲಸ. ನಾಳೆ ಅಡಿಕೆ ಮರಕ್ಕೂ ನೋವಾಗುತ್ತದೆ ಎಂದಾಳು.

---

ಹಂಡೆಒಲೆ
ನವೆಂಬರ್ 29

ಗೊನೆಗಾರರೇ, ನಾನು ಕೇಳಿದ್ದು ಏನು ಮಾಡಲಿ ಎಂದು, ಸೊಸೆ ಸರಿಯೋ ತಪ್ಪೋ ಎಂದಲ್ಲ. ನಮ್ಮ ಮಾವನವರು ಈರುಳ್ಳಿ, ಬೆಳ್ಳುಳ್ಳಿ ತಿನ್ನುತ್ತಿರಲಿಲ್ಲ. ಮೂವತ್ತು ವರ್ಷ ಅವರಿಗೆ ಬೇರೆ ಪಾತ್ರೆಯಲ್ಲಿ ಸಾರು ಮಾಡಿದ್ದೇನೆ, ಆಗ ಯಾರೂ ನನ್ನನ್ನು ಏತಕ್ಕೆ ಎಂದು ಕೇಳಲಿಲ್ಲ.

ಕೊಡಚಾದ್ರಿಯ ಅಣ್ಣ, ನಿಮ್ಮ ಮಾತು ಓದಿ ಅಟ್ಟ ಹತ್ತಿದೆ. ಅತ್ತೆಯವರು ಹೋಗಿ ಆರು ವರ್ಷವಾಯಿತು. ಹರಿದ ಹಾಳೆ ಟೊಪ್ಪಿಯೊಂದರ ಒಳಗೆ, ಕಾಗದ ಸುತ್ತಿ, ತೆಂಗಿನಕಾಯಿ ಗಾತ್ರದ ಉಂಡೆ ಸಿಕ್ಕಿತು. ಮೇಲೆ ಹೊಗೆ ಕೂತು ಕಪ್ಪಾಗಿತ್ತು. ಚಾಕುವಿನಿಂದ ಒಂದು ಪದರ ಹೆರೆದರೆ ಒಳಗೆ ಬೆಳ್ಳಗೆ, ವಾಸನೆಯೇ ಇಲ್ಲ. ಕಾಗದದ ಮೇಲೆ ಅವರ ಅಕ್ಷರದಲ್ಲಿ ಪೆನ್ಸಿಲಿನಿಂದ ‘ಕಾಲಿಗೆ’ ಎಂದು ಬರೆದಿತ್ತು. ಆ ಉಂಡೆಯನ್ನು ಅಲ್ಲಿಯೇ ಇಟ್ಟಿದ್ದೇನೆ. ಆರು ವರ್ಷದ ಹಳೆಯದನ್ನು ಮಕ್ಕಳ ತುಟಿಗೆ ಕೊಡಲು ಧೈರ್ಯವಿಲ್ಲ. ಪಕ್ಕದ ಊರಿನ ನಾದಿನಿಯ ಮನೆಯಲ್ಲಿ ಈ ಬೇಸಿಗೆಯದು ಇದೆಯಂತೆ, ತರಿಸುತ್ತೇನೆ.

ಇನ್ನೊಂದು ತಲೆಗೆ ಬಂದಿದೆ. ಚೊಗರು. ಅಡಿಕೆ ಬೇಯಿಸಿದ ನೀರು ಹಂಡೆಯಿಂದ ಹಂಡೆಗೆ ಕೆಂಪಾಗಿ, ಮಂದವಾಗಿ, ಕೊನೆಗೆ ಡ್ರಮ್ಮಿನಲ್ಲಿ ನಿಂತಿದೆ. ಅದು ಸೀರೆಗೆ ಬಿದ್ದರೆ ಜನ್ಮದಲ್ಲಿ ಹೋಗುವುದಿಲ್ಲ. ಹೋಗದ ಕಲೆಯನ್ನು ಬೇಕೆಂದೇ ಹಾಕಿದರೆ ಬಣ್ಣವಾಗುತ್ತದಲ್ಲವೇ? ಮಾವನವರ ಪಂಚೆಯಲ್ಲಿ ಕರವಸ್ತ್ರ, ಸಂತೆಚೀಲ ಹೊಲಿದು ಚೊಗರಿನಲ್ಲಿ ಅದ್ದಬೇಕೆಂದಿದ್ದೇನೆ. ಕ್ರಮ ಗೊತ್ತಿದ್ದವರು ಬರೆಯಿರಿ.

---

ಹೆಗ್ಗೋಡು_ದಾರಿ (ಸಾಗರ ತಾಲ್ಲೂಕು)
ನವೆಂಬರ್ 30

ಅಕ್ಕ, ಖಂಡಿತ ಆಗುತ್ತದೆ. ನಮ್ಮ ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಗಳಿಗೆ ಹಾಕುವ ಸಹಜ ಬಣ್ಣಗಳಲ್ಲಿ ಅಡಿಕೆ ಚೊಗರೂ ಒಂದು. ನಾನು ಮನೆಮಟ್ಟಿಗೆ ಬಣ್ಣ ಹಾಕುವವಳು. ನನಗೆ ಒಗ್ಗಿದ ಕ್ರಮ ಹೇಳುತ್ತೇನೆ.

ಹಳೆಯ ಪಂಚೆ ಹೊಸ ಬಟ್ಟೆಗಿಂತ ಮೇಲು, ಗಂಜಿ ಎಂದೋ ಹೋಗಿರುತ್ತದೆ. ಆದರೂ ವಾಷಿಂಗ್ ಸೋಡಾ ಹಾಕಿ ಅರ್ಧ ತಾಸು ಕುದಿಸಿ. ನೀರು ಹಳದಿಯಾಗುವುದನ್ನು ನೋಡಿದರೆ ಬಟ್ಟೆಯಲ್ಲಿ ಎಷ್ಟು ಜಿಡ್ಡು ಇತ್ತೆಂದು ಗೊತ್ತಾಗುತ್ತದೆ. ಜಿಡ್ಡು ಉಳಿದರೆ ಅಲ್ಲಲ್ಲಿ ಬಣ್ಣ ಹಿಡಿಯುವುದಿಲ್ಲ.

ಚೊಗರನ್ನು ನೀರು ಬೆರೆಸಿ ತೆಳುವಾದ ಕಷಾಯದಷ್ಟು ಮಾಡಿ, ಬಟ್ಟೆ ಮುಳುಗಿಸಿ, ಕೈ ಸುಡುವಷ್ಟು ಬಿಸಿಯಲ್ಲಿ ಒಂದು ತಾಸು ಇಟ್ಟು, ರಾತ್ರಿ ಅಲ್ಲೇ ಬಿಡಿ. ಮರುದಿನ ಹಿಂಡಿ ಪಟಿಕದ ನೀರಿಗೆ ಹಾಕಿ. ನೂರು ಗ್ರಾಂ ಒಣಬಟ್ಟೆಗೆ ಹದಿನೈದು ಗ್ರಾಂ ಪಟಿಕ ಸಾಕು. ಅಲ್ಲಿಂದ ಎತ್ತಿ ಮತ್ತೆ ಚೊಗರಿಗೆ. ಪಟಿಕವೇ ಮೊದಲಲ್ಲವೇ ಎಂದು ಹಲವರು ಕೇಳುತ್ತಾರೆ. ಹತ್ತಿ ಪಟಿಕವನ್ನು ನೇರವಾಗಿ ಸರಿಯಾಗಿ ಹಿಡಿದುಕೊಳ್ಳುವುದಿಲ್ಲ, ಮೊದಲು ಚೊಗರಿನ ಒಗರು ಕೂರಬೇಕು, ಆ ಒಗರು ಪಟಿಕವನ್ನು ಹಿಡಿಯುತ್ತದೆ. ಒಗರು ಎಂದರೆ ಟ್ಯಾನಿನ್.

ಪಾತ್ರೆ ಸ್ಟೀಲಿನದಿರಲಿ. ಕಬ್ಬಿಣದ ಬಾಣಲೆ ಬೇಡವೇ ಬೇಡ. ಮೆಟ್ಟುಗತ್ತಿಯ ಅಲಗು ಅಡಿಕೆ ಸುಲಿದು ಕಪ್ಪಾಗುತ್ತದಲ್ಲ, ಬಟ್ಟೆಯೂ ಹಾಗೇ ಆಗುತ್ತದೆ. ಕಪ್ಪೇ ಬೇಕೆಂದರೆ ಮಾತು ಬೇರೆ. ತುಕ್ಕು ಹಿಡಿದ ಮೊಳೆಗಳನ್ನು ಹುಳಿಗಂಜಿಯಲ್ಲಿ ಒಂದು ವಾರ ನೆನೆಹಾಕಿ, ಆ ನೀರಿನಲ್ಲಿ ಬಣ್ಣ ಹಾಕಿದ ಬಟ್ಟೆಯನ್ನು ಎರಡು ಮೂರು ನಿಮಿಷ ಅದ್ದಿ ತೆಗೆದರೆ ಮಳೆಗಾಲದ ಮೋಡದ ಬಣ್ಣ ಬರುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಕಬ್ಬಿಣ ಬಟ್ಟೆಯನ್ನು ತಿಂದು ಪಿಸಿಯುವಂತೆ ಮಾಡುತ್ತದೆ. ನೆರಳಿನಲ್ಲಿ ಒಣಗಿಸಿ. ಮೊದಲ ಎರಡು ಸಲ ಬೇರೆಯಾಗಿ ಒಗೆಯಬೇಕೆಂದು ಚೀಟಿ ಇಡಿ, ಇಲ್ಲವಾದರೆ ಬೆಂಗಳೂರಿನ ಬಿಳಿ ಅಂಗಿಗಳು ನಿಮ್ಮನ್ನು ಬೈಯುತ್ತವೆ.

---

ಹಳೆ_ಡ್ರಾಯಿಂಗ್_ಮೇಷ್ಟ್ರು (ಸಾಗರ)
ಡಿಸೆಂಬರ್ 2

ಪೊಟ್ಟಣ ಕಟ್ಟುವ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಕಡೆ ಭೂಮಿ ಹುಣ್ಣಿಮೆಗೆ ದೀವರ ಸಮುದಾಯದ ಮನೆಗಳಲ್ಲಿ ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುತ್ತಾರೆ. ಮದುವೆಯಲ್ಲಿ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವೂ ಅದೇ ಕೈಗಳದು. ನಾನು ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರ ಕಲಿಸಿದವನು, ಆದರೆ ಇದನ್ನು ಕಲಿತದ್ದು ನನ್ನ ವಿದ್ಯಾರ್ಥಿಯೊಬ್ಬಳ ಅಜ್ಜಿಯಿಂದ. ಪದವಿ ತೆಗೆದುಕೊಂಡ ನನ್ನ ಗೆರೆ ನಡುಗುತ್ತಿತ್ತು, ಎಂಬತ್ತರ ಆ ಅಮ್ಮನ ಗೆರೆ ನಡುಗುತ್ತಿರಲಿಲ್ಲ.

ವೀಗನ್ ಲೆಕ್ಕದಲ್ಲಿ ಇದಕ್ಕಿಂತ ಶುದ್ಧವಾದ ಚಿತ್ರಕಲೆ ಸಿಗಲಾರದು. ಬಿಳಿಗೆ ಅಕ್ಕಿ ನೆನೆಸಿ ಅರೆದ ಹಿಟ್ಟು, ಕಪ್ಪಿಗೆ ಸೀದುಹೋಗುವವರೆಗೆ ಹುರಿದ ಅಕ್ಕಿ, ಕೆಂಪಿಗೆ ಕೆಮ್ಮಣ್ಣು, ಹಳದಿಗೆ ಗುರಿಗೆ ಕಾಯಿ. ಕುಂಚವೂ ಕೂದಲಿನದಲ್ಲ, ಪುಂಡಿ ನಾರಿನದು. ನಾರಿನ ತುದಿಯನ್ನು ಜಜ್ಜಿ, ನೀರಿನಲ್ಲಿ ನೆನೆಸಿ, ಎಳೆ ಬಿಡಿಸಿಕೊಂಡರೆ ಆಯಿತು. ಹಿಟ್ಟಿನಲ್ಲಿ ಅದ್ದಿ ನೆಟ್ಟಗೆ ಎಳೆದರೆ ಸಾಲದು. ನಾರನ್ನು ಮಲಗಿಸಿ, ಅದರ ಇಡೀ ಉದ್ದವನ್ನು ಗೋಡೆಗೆ ತಾಗಿಸಿ ಹಿಂದಕ್ಕೆ ಎಳೆಯಬೇಕು, ಆಗ ಗೆರೆ ತಾನಾಗಿ ನೇರ ಬರುತ್ತದೆ.

ಒಂದೇ ತೊಡಕು. ಬುಟ್ಟಿಗೆ ಕೆಮ್ಮಣ್ಣಿಗಿಂತ ಮೊದಲು ಸಗಣಿ ಬಳಿಯುವ ರೂಢಿ ಇದೆ. ಅದು ನಿಮ್ಮ ಸೊಸೆಗೆ ಆಗುತ್ತದೆಯೇ?

---

ತುಂಗಾ_ಸೈಕಲ್
ಡಿಸೆಂಬರ್ 2

ಮೇಷ್ಟ್ರೇ, ಇದರ ಮೇಲೆ ನಾವು ಮೂವರು ಗೆಳೆಯರು ಒಂದು ಸಂಜೆ ಪೂರ್ತಿ ಜಗಳವಾಡಿದ್ದೇವೆ. ಪ್ರಾಣಿಯಿಂದ ಬಂದದ್ದು ಬೇಡ ಎಂದರೆ ಸಗಣಿಯೂ ಬೇಡ. ತೋಟಕ್ಕೆ ಹಾಕುವ ಗೊಬ್ಬರ ಏನು ಎಂದು ಕೇಳಿದರೆ ಉತ್ತರ ಕಷ್ಟ. ಕೇಳಿ ತಿಳಿದುಕೊಳ್ಳುವುದು ಕ್ಷೇಮ.

---

ಹಂಡೆಒಲೆ
ಡಿಸೆಂಬರ್ 3

ಕೇಳಿದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ “ಅತ್ತೆ, ಅಂಗಳ ಸಾರಿಸಿದ್ದರ ಮೇಲೆ ನಾನೇ ಓಡಾಡಿಲ್ಲವೇ, ಆದರೆ ಉಡುಗೊರೆಗೆ ಬೇಡ” ಎಂದಳು. ಉಡುಗೊರೆಯ ಗುಟ್ಟೂ ಒಡೆಯಿತು, ಇರಲಿ.

ಸಗಣಿಗೆ ಬದಲು ನನ್ನ ತಾಯಿ ಮೊರ, ಬುಟ್ಟಿಗಳ ಸಂದು ಮುಚ್ಚಲು ಮಾಡುತ್ತಿದ್ದ ಉಪಾಯವೇ ಇದೆ: ಹಳೆಯ ಪತ್ರಿಕೆಯನ್ನು ಎರಡು ದಿನ ನೆನೆಸಿ, ನೆನೆದ ಮೆಂತ್ಯದ ಜೊತೆ ಅರೆದು, ಒಳಗೂ ಹೊರಗೂ ಮೆತ್ತುವುದು. ಒಣಗಿದರೆ ರಟ್ಟಿನ ಹಾಗೆ ಗಟ್ಟಿ. ಅದರ ಮೇಲೆ ಕೆಮ್ಮಣ್ಣಿಗೆ ಗಂಜಿ ಸೇರಿಸಿ ಬಳಿಯುತ್ತೇನೆ. ಆದರೆ ಬುಟ್ಟಿ ಎರಡೇ ಇವೆ. ಉಳಿದ ಮೂರಕ್ಕೆ ಅಡಿಕೆ ಹಾಳೆ ಮಡಚಿ ಮಾಡುವ ಕೊಟ್ಟೆಯೇ ಗತಿ.

---

ಹಂಡೆಒಲೆ
ಡಿಸೆಂಬರ್ 14

ವರದಿ ಒಪ್ಪಿಸುತ್ತೇನೆ. ನಗುವವರು ನಗಬಹುದು.

ಮುಲಾಮು ಮೊದಲ ಸಲ ಕೆಟ್ಟಿತು. ಮುರುಗಲು ತುಪ್ಪ ಮತ್ತು ಕೊಬ್ಬರಿ ಎಣ್ಣೆ ಸಮಸಮ ಹಾಕಿ ಕರಗಿಸಿ ಕುಂಕುಮದ ಭರಣಿಗಳಿಗೆ ಹೊಯ್ದಿದ್ದೆ. ಬೆಳಿಗ್ಗೆ ಆರು ಗಂಟೆಗೆ ಚಳಿಯಲ್ಲಿ ನೋಡಿದರೆ ಎಷ್ಟು ಚಂದ ಕೂತಿದೆ ಅಂತೀರಿ! ಖುಷಿಯಲ್ಲಿ ಎಲ್ಲರನ್ನೂ ಕರೆದು ತೋರಿಸಿದೆ. ಮಧ್ಯಾಹ್ನ ಹಂಡೆಯ ಒಲೆ ಇರುವ ಕಡೆಯ ಗೂಡಿನಲ್ಲಿ ಇಟ್ಟದ್ದೇ ತಪ್ಪು, ಮೂರು ಗಂಟೆಗೆ ಸಾರಾಗಿತ್ತು. ಮಗ ಫೋನಿನಲ್ಲಿ ಹೇಳಿದ ಪ್ರಕಾರ ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಮುರುಗಲು ತುಪ್ಪಕ್ಕೆ 38ರಿಂದ 40 ಬೇಕು. ಇದನ್ನು ನಮ್ಮ ಅತ್ತೆ ಡಿಗ್ರಿ ಇಲ್ಲದೆಯೇ ತಿಳಿದಿದ್ದರು. ಎರಡನೆಯ ಸಲ ಮೂರು ಪಾಲು ತುಪ್ಪ, ಒಂದು ಪಾಲು ಎಣ್ಣೆ. ಬೆರಳಿನಲ್ಲಿ ಒತ್ತಿದರೆ ಒಂದು ಕ್ಷಣ ತಡೆದು ಆಮೇಲೆ ಕರಗುತ್ತದೆ. ಅಷ್ಟೇ ಬೇಕಿತ್ತು.

ಹಾಳೆಯನ್ನು ನೀರಿನಲ್ಲಿ ಕಾಲು ತಾಸು ನೆನೆಸಿ, ನಾಲ್ಕು ಮೂಲೆ ಮಡಚಿ, ಬಿದಿರು ಕಡ್ಡಿ ಚುಚ್ಚಿ, ಒಳಗೆ ಒಂದು ಇಟ್ಟಿಗೆ ಇಟ್ಟು ಒಣಗಿಸಿದೆ. ಇಟ್ಟಿಗೆಯ ಆಕಾರಕ್ಕೆ ಕೂತಿತು. ಮೊದಲ ಎರಡನ್ನು ಜಗಲಿಯಲ್ಲಿ ಒಣಗಲು ಬಿಟ್ಟದ್ದರಿಂದ ಬೂಷ್ಟು ಬಂತು. ಆಮೇಲಿನವನ್ನು ಬಚ್ಚಲ ಒಲೆಯ ಮೇಲೆ ತೂಗುಹಾಕಿದೆ, ಒಂದು ಚುಕ್ಕೆ ಇಲ್ಲ, ತುಸು ಹೊಗೆಯ ವಾಸನೆ ಇದೆ. ಮಲೆನಾಡಿನ ವಾಸನೆ ಎಂದು ಹೇಳಿ ದಾಟಿಸುತ್ತೇನೆ.

ತುಪ್ಪದ ಹೀರೆಯ ಸಿಪ್ಪೆ ಸುಲಿದು, ಬೀಜ ಉದುರಿಸಿ, ನಾರನ್ನು ತೊಳೆದು ಮೈ ತಿಕ್ಕಲು ಇಟ್ಟಿದ್ದೇನೆ. ಲಾವಂಚವನ್ನು ಪಂಚೆಯ ಚೂರಿನಲ್ಲಿ ಗಂಟು ಕಟ್ಟಿದೆ. ಬೀರುವಿನಲ್ಲಿ ರೇಷ್ಮೆ ಸೀರೆಯ ಜೊತೆ ಇಡಿ ಎಂದು ಚೀಟಿ ಬರೆಯಹೊರಟು ನಾಲಿಗೆ ಕಚ್ಚಿಕೊಂಡೆ.

ಈಗ ಬಣ್ಣ. ಹೆಗ್ಗೋಡಿನ ತಂಗಿ ಅಷ್ಟು ಹೇಳಿದ್ದರೂ, ಸ್ಟೀಲಿನ ಪಾತ್ರೆಯೆಲ್ಲ ಸುಲಿಯುವವರ ಊಟಕ್ಕೆ ಹೋಗಿತ್ತೆಂದು ಎರಡು ಕರವಸ್ತ್ರವನ್ನು ಕಬ್ಬಿಣದ ಬಾಣಲೆಯಲ್ಲೇ ಬಿಸಿ ಮಾಡಿದೆ. ತಳ ತಾಗಿದ ಕಡೆಯೆಲ್ಲ ಕಪ್ಪು ಮಂಡಲ. ಬೇಸರವಾಗಿ ಮೂಲೆಗೆ ಎಸೆದೆ. ಸುಲಿಯಲು ಬರುವವರಲ್ಲಿ ಒಬ್ಬಳು ಅದನ್ನು ಬಿಡಿಸಿ ನೋಡಿ, “ಅಮ್ಮ, ಇದು ಗ್ರಹಣದ ಚಂದ್ರನ ಹಾಗಿದೆ, ಇದನ್ನು ನನಗೆ ಕೊಡಿ” ಎಂದಳು. ಕೊಟ್ಟೆ. ಮರುದಿನ ತಲೆಗೆ ಕಟ್ಟಿಕೊಂಡು ಬಂದಳು, ಅದನ್ನು ನೋಡಿ ಉಳಿದ ನಾಲ್ವರೂ ಕೇಳಿದರು. ಈಗ ನನ್ನ ಲೆಕ್ಕ ಐದು ಪೊಟ್ಟಣದಿಂದ ಹತ್ತಕ್ಕೆ ಏರಿದೆ. ಸರಿಯಾದ ಕ್ರಮದಲ್ಲಿ ಹಾಕಿದವು ಇಟ್ಟಿಗೆಗೆಂಪು ಬಂದಿವೆ. ಪಟಿಕದ ನಂತರ ಎರಡನೆಯ ಸಲ ಚೊಗರಿಗೆ ಇಳಿಸಿದಾಗ ಬಣ್ಣ ಗಾಢವಾಗುವುದು ಕಣ್ಣೆದುರಿಗೇ ಕಾಣುತ್ತದೆ, ಆ ಹೊತ್ತಿಗೆ ನಾನು ಒಲೆ ಬಿಟ್ಟು ಏಳುವುದೇ ಇಲ್ಲ.

ಚಿತ್ತಾರ ಮಾತ್ರ, ಮೇಷ್ಟ್ರೇ, ನನ್ನ ಗೆರೆ ನಿಮ್ಮದಕ್ಕಿಂತ ಹೆಚ್ಚು ನಡುಗುತ್ತದೆ. ನೀವು ಕಳಿಸಿದ ನಾರಿನ ಕುಂಚ ತಲುಪಿತು.

---

ಹಳೆ_ಡ್ರಾಯಿಂಗ್_ಮೇಷ್ಟ್ರು
ಡಿಸೆಂಬರ್ 15

ಉಸಿರು ಹಿಡಿದು ಎಳೆಯಬೇಡಿ, ಬಿಡುತ್ತಾ ಎಳೆಯಿರಿ. ಗೆರೆ ತಪ್ಪಿದರೆ ಒದ್ದೆಯಿರುವಾಗ ಒರೆಸಬೇಡಿ, ಕೆಮ್ಮಣ್ಣು ಕದಡುತ್ತದೆ. ಒಣಗಿದ ಮೇಲೆ ಉಗುರಿನಿಂದ ಕೆರೆದು ತೆಗೆಯಿರಿ.

---

ಹಂಡೆಒಲೆ
ಜನವರಿ 3

ಬಂದು ಹೋದರು. ಏನೂ ವಾಪಸು ಬರಲಿಲ್ಲ, ಹತ್ತಿರ ಬಂದು ತಪ್ಪಿತು.

ಪೊಟ್ಟಣ ಬಿಚ್ಚಿದಾಗ ಗೆಳತಿಯರಲ್ಲಿ ಒಬ್ಬಳು ಮುಲಾಮಿನ ಭರಣಿ ಎತ್ತಿ, ನಾನು ಅಂದವಾಗಿ ಬರೆದು ಅಂಟಿಸಿದ್ದ ‘ಮುರುಗಲು ತುಪ್ಪ’ ಎಂಬ ಚೀಟಿ ಓದಿ, ಮೆತ್ತಗೆ ಕೆಳಗಿಟ್ಟಳು. ಆಮೇಲೆ ಹೀರೆಯ ನಾರು ಎತ್ತಿದಳು, ಅದರಲ್ಲಿ ‘ತುಪ್ಪದ ಹೀರೆ’. ಅದನ್ನೂ ಇಟ್ಟಳು. ಪಾಪ, ಆ ಹುಡುಗಿ ಮುಖ ಮಾತ್ರ ನಗುತ್ತಲೇ ಇತ್ತು, ಥೇಟ್ ನನ್ನ ಸೊಸೆಯ ದೀಪಾವಳಿಯ ನಗು. ನನಗೆ ಆಗ ಹೊಳೆಯಿತು. ನಮ್ಮ ಭಾಷೆಯಲ್ಲಿ ಜೇನಿಗೂ ತುಪ್ಪ, ಬೀಜಕ್ಕೂ ತುಪ್ಪ, ತರಕಾರಿಗೂ ತುಪ್ಪ. ಬೆಂಗಳೂರಿನಲ್ಲಿ ಹುಟ್ಟಿದ ಮಗು ಏನೆಂದು ತಿಳಿಯಬೇಕು? ಸೊಸೆ ಪಕ್ಕದಲ್ಲಿ ಕೂತು ಒಂದೊಂದನ್ನೇ ವಿವರಿಸಿದಳು. ಅಟ್ಟದಿಂದ ಅತ್ತೆಯವರ ಉಂಡೆಯನ್ನೂ ಇಳಿಸಿ ತೋರಿಸಿದೆ. ‘ಕಾಲಿಗೆ’ ಎಂಬ ಆ ಕಾಗದದ ಫೋಟೋವನ್ನು ಮೂವರೂ ತೆಗೆದುಕೊಂಡರು. ಉಂಡೆಯನ್ನು ಕೇಳಿದರು, ಕೊಡಲಿಲ್ಲ.

ನನ್ನ ನಡುಗುವ ಗೆರೆಯ ಬುಟ್ಟಿ ಸೊಸೆಗೆ ಹೋಯಿತು. ಹೆಚ್ಚು ನಡುಗಿದ ಇನ್ನೊಂದನ್ನು ನಾನು ಬಚ್ಚಿಟ್ಟಿದ್ದೆ, ಮಗ ಹುಡುಕಿ ಕಾರಿನಲ್ಲಿ ಹಾಕಿಕೊಂಡ. ಹೊರಡುವ ದಿನ ಮೂವರೂ ಡ್ರಮ್ಮಿನ ಎದುರು ಕೂತು ತಮ್ಮ ತಮ್ಮ ಹಳೆಯ ಹತ್ತಿ ದುಪಟ್ಟಾ ಅದ್ದಿದರು. ಒಬ್ಬಳ ಕೈ ಮಣಿಕಟ್ಟಿನವರೆಗೆ ಕೆಂಪಾಗಿದೆ, ಮದುವೆಗೆ ಹೋಗಬೇಕಂತೆ. ನಿಂಬೆಹಣ್ಣು ತಿಕ್ಕಲು ಹೇಳಿ ಕಳಿಸಿದ್ದೇನೆ. ಹೋಗುತ್ತದೆ ಎಂದು ನನಗೇನೂ ನಂಬಿಕೆಯಿಲ್ಲ. ಇದಕ್ಕೆ ಬೇರೆ ಉಪಾಯ ಗೊತ್ತಿದ್ದವರು ಬೇಗ ಬರೆಯಿರಿ, ಮದುವೆ ಇದೇ ಭಾನುವಾರ.

ಮೇಷ್ಟ್ರೇ, ಕುಂಚದ ನಾರು ಸವೆಯಿತು. ಈ ಸಲ ಸ್ವಲ್ಪ ಉದ್ದನೆಯದು ಕಳಿಸಿ.